ಕಿಂಡಿ ಅಣೆಕಟ್ಟಿನ ಕಡತದಲ್ಲಿ ನನ್ನ ಸಹಿ

ಸಂಜೆ ನಾಲ್ಕು ಗಂಟೆ ಹದಿನೇಳು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ಆ ಕ್ಷಣ ನಾನು ಮೊಬೈಲ್ ನೋಡುತ್ತಿದ್ದೆ. ಅತ್ತೆಗೆ ಜ್ವರವಿತ್ತು. ಮಾತ್ರೆ ತಂದೆನೋ ಮರೆತೆನೋ ಎಂದು ಚೀಲಕ್ಕೆ ಕೈ ಹಾಕಿದಾಗ ಮೊಬೈಲ್ ಕೈಗೆ ಸಿಕ್ಕಿತು, ಪರದೆ ಬೆಳಗಿತು, ಗಂಟೆ ಕಂಡಿತು. ತಲೆ ಎತ್ತಿದರೆ ಮೂರು ಹೆಜ್ಜೆ ಮುಂದೆ ನಡೆಯುತ್ತಿದ್ದ ಅಕ್ಕ ಸೊಂಟದಿಂದ ಮೇಲೆ ಮಾತ್ರ ಕಾಣುತ್ತಿದ್ದರು.

ಅವರು ಒಡಹುಟ್ಟಿದ ಅಕ್ಕ ಅಲ್ಲ. ಪಕ್ಕದ ಮನೆಯವರು, ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಊರಿಗೆಲ್ಲ ಅಕ್ಕನೇ.

ಬೈಂದೂರಿನಿಂದ ಯಡ್ತರೆ ದಾಟಿ ಒಳಗೆ ಹೋದರೆ ನಮ್ಮೂರು. ಹೊಳೆಯ ಈಚೆ ಮನೆಗಳು, ಆಚೆ ಶಾಲೆ ಮತ್ತು ಬಸ್ಸು ನಿಲ್ಲುವ ಜಾಗ. ನಡುವೆ ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಇಳಿಸಿ, ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬಿದರೆ ಸಿಹಿನೀರು ನಿಲ್ಲುತ್ತದೆ, ಸಮುದ್ರದ ಉಪ್ಪುನೀರು ಗದ್ದೆಗೆ ಏರುವುದಿಲ್ಲ. ಮಳೆ ಶುರುವಾಗುವ ಮೊದಲು ಹಲಗೆ ತೆಗೆಯಬೇಕು. ನೀರಾವರಿ ಇಲಾಖೆಯ ಮಟ್ಟಿಗೆ ಅದು ನೀರು ನಿಲ್ಲಿಸುವ ಕಟ್ಟೆ. ನಮ್ಮ ಮಟ್ಟಿಗೆ ಅದರ ತಲೆಯ ಮೇಲೆ ಹಾಸಿದ ಸಿಮೆಂಟು ಚಪ್ಪಡಿಗಳೇ ಊರಿನ ದಾರಿ. ಆ ವರ್ಷ ಜೂನ್ ಬಂದರೂ ಮೂರು ಕಿಂಡಿಗಳ ಹಲಗೆ ಹಾಗೆಯೇ ಇತ್ತು. ಕೆಂಪು ನೀರು ಅದಕ್ಕೆ ಬಡಿದು ಇಡೀ ಅಣೆಕಟ್ಟು ಕಾಲಡಿಯಲ್ಲಿ ಗುಂಯ್ ಎನ್ನುತ್ತಿತ್ತು.

ಶಾಲೆ ಬಿಡುವ ಹೊತ್ತಿಗೆ ಅಕ್ಕ ಮಕ್ಕಳಿಗಿಂತ ಮೊದಲು ಹೊರಡುತ್ತಿದ್ದರು. ಚಪ್ಪಡಿಗಳಲ್ಲಿ ಬಿರುಕು ಬಿಟ್ಟ ಮೇಲೆ ಅವರೇ ಮಾಡಿಕೊಂಡ ಕ್ರಮ ಅದು. ತಾನು ಮೊದಲು ದಾಟುವುದು, ಈಚೆ ದಡದಲ್ಲಿ ನಿಂತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಯುವುದು. ಆ ಸಂಜೆಯೂ ಹಾಗೆಯೇ ಮುಂದೆ ನಡೆದವರು. ನಡುವಿನ ಚಪ್ಪಡಿ ಮುರಿಯಿತು. ಎರಡೂ ಕಾಲು ಕೆಳಗೆ ಹೋದವು. ಒಂದು ಕೈಯಲ್ಲಿ ಅಂಚಿನ ಕಬ್ಬಿಣದ ಪೈಪು ಹಿಡಿದರು, ಅದೂ ಬಗ್ಗತೊಡಗಿತು.

ನಾನು ನಿಂತೇ ಇದ್ದೆ. ಎಷ್ಟು ಹೊತ್ತು ಎಂದು ಇಂದಿಗೂ ಗೊತ್ತಿಲ್ಲ. ಎರಡು ಸೆಕೆಂಡೋ ಹತ್ತು ಸೆಕೆಂಡೋ. ಆ ನಿಂತ ಹೊತ್ತನ್ನು ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದ್ದೇನೆಂದರೆ, ಚಪ್ಪಡಿಯ ಅಂಚಿನಲ್ಲಿದ್ದ ಹಾವಸೆಯ ಬಣ್ಣವನ್ನೂ ಹೇಳಬಲ್ಲೆ.

ಅಕ್ಕ ಕೂಗಿದ್ದು "ಹಿಡ್ಕೋ" ಎಂದಲ್ಲ.

"ಹ್ವಾಯ್! ಮಕ್ಳನ್ ನಿಲ್ಸ್! ಒಬ್ರೂ ಬಪ್ಕಾಗ!"

ಹಿಂದೆ ತಿರುಗಿದೆ. ಹತ್ತು ಹನ್ನೆರಡು ಮಕ್ಕಳು ಆಗಲೇ ಆ ತುದಿಯಲ್ಲಿದ್ದರು. ನಾನು ಕಿರುಚಿದ್ದು ಏನೆಂದು ನೆನಪಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎರಡೂ ಕೈ ಅಗಲಿಸಿ ಉಳಿದವರನ್ನು ತಡೆದು ನಿಂತಳು. ಆಮೇಲೆ ನಾನು ಹೊಟ್ಟೆಯ ಮೇಲೆ ಮಲಗಿ ಅಕ್ಕನ ಮಣಿಕಟ್ಟು ಹಿಡಿದೆ. ಗಾಜಿನ ಬಳೆ ಒಡೆದು ನನ್ನ ಅಂಗೈಗೂ ಅವರ ಕೈಗೂ ಚುಚ್ಚಿತು. ಬಿಡಲಿಲ್ಲ. ಗದ್ದೆಯ ಕಡೆಯಿಂದ ಇಬ್ಬರು ತೆಂಗಿನಮರದ ಏಣಿ ಹೊತ್ತು ಓಡಿ ಬಂದು, ಅದನ್ನು ಅಡ್ಡ ಹಾಕಿ ಅವರನ್ನು ಎತ್ತಿದರು. ತೊಡೆಯ ಮೂಳೆ ಮುರಿದಿತ್ತು. ಕುಂದಾಪುರದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅಕ್ಕ ಕೇಳಿದ್ದು ಒಂದೇ: "ಮಕ್ಳ್ ಎಲ್ಲ ರಸ್ತಿ ಮೇಲ್ ಸುತ್ತ್ ಹಾಕ್ಕಂಡ್ ಮನಿಗ್ ಹೋದ್ವಾ?"

ಮರುದಿನ ಬೆಳಿಗ್ಗೆ ಇಲಾಖೆಯ ಜೀಪು ಬಂತು. ಗುಮಾಸ್ತರು ನನಗೆ ಗುರುತಿದ್ದವರು. ಕುಂದಾಪುರದ ಕಾಲೇಜಿನಲ್ಲಿ ನಾನು ಬಿ.ಎ. ಓದುವಾಗ ಎರಡು ವರ್ಷ ಮುಂದಿದ್ದರು. ನಮ್ಮ ಮನೆಯಲ್ಲಿ ಕಾಫಿ ಕುಡಿದವರು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು, ಮೇಲೊಂದು ಕೊಡೆ ಹಿಡಿದು ಮಹಜರು ಬರೆಯುತ್ತಿದ್ದರು. ಅರ್ಧ ಪುಟ ತುಂಬಿತ್ತು, ಅರ್ಧ ಖಾಲಿ.

"ತಂಗಿ, ಮಳಿ ಬಪ್ಪುದ್ರೊಳ್ಗೆ ಒಂದ್ ಸಹಿ ಹಾಕಿ ಬಿಡ್. ಬಾಕಿದ್ ನಾನ್ ಆಫೀಸಲ್ ಕೂತ್ಕಂಡ್ ಬರೀತೆ."

"ಎಂತ ಬರೀತ್ರಿ ಅಣ್ಣ?"

"ಕಂಡದ್ದೇ. ಬಿದ್ರ್, ಕಾಲ್ ಮುರೀತ್. ಮತ್ತೆಂತ ಇತ್ತ್ ಬರೂಕೆ?"

ಬೈಂದೂರಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಟೈಪಿಂಗ್, ಜೆರಾಕ್ಸ್, ಅರ್ಜಿ ಬರೆದುಕೊಡುವುದು. ಪಿಂಚಣಿಯಿಂದ ಹಿಡಿದು ಮಾಹಿತಿ ಹಕ್ಕಿನವರೆಗೆ. ಯಂತ್ರದ ಹಿಂದಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಅಚ್ಚು ಹಾಕಿ ಅಂಟಿಸಿದ್ದೇನೆ: 'ಓದಿ ಸಹಿ ಹಾಕಿ.' ದಿನಕ್ಕೆ ಹತ್ತು ಸಲ ಬಾಯಲ್ಲೂ ಹೇಳುತ್ತೇನೆ. ಆ ಬೆಳಿಗ್ಗೆ ಮಾತ್ರ ಪೆನ್ನು ತೆಗೆದುಕೊಂಡು ಖಾಲಿ ಜಾಗದ ಕೆಳಗೆ ನನ್ನ ಹೆಸರು ಬರೆದೆ. ಪೂರ್ತಿ ಬರೆದ ಮೇಲೆ ಕೊಡಿ, ಓದುತ್ತೇನೆ ಎಂದರೆ ಗುರುತಿನ ಮನುಷ್ಯನ ಮೇಲೆ ಅನುಮಾನ ಪಟ್ಟಂತೆ ಆಗುತ್ತದೆ. ನಮ್ಮ ಕಡೆ ಅದಕ್ಕೆ ದಾಕ್ಷಿಣ್ಯ ಎನ್ನುತ್ತಾರೆ. ಏಣಿ ತಂದವರಲ್ಲಿ ಒಬ್ಬರು ನನ್ನ ಕೆಳಗೆ ಸಹಿ ಹಾಕಿದರು. ಕಾಲೇಜು ಓದಿದವಳೇ ಹಾಕಿದ ಮೇಲೆ ಅವರು ಯಾಕೆ ಓದುತ್ತಾರೆ?

ಎರಡು ವಾರ ಕಳೆದು ವಾರಪತ್ರಿಕೆಯ ಮೊದಲ ಪುಟದ ಕೆಳಗೆ ನಾಲ್ಕು ಸಾಲಿನ ಸುದ್ದಿ ಬಂತು. ಎಚ್ಚರಿಕೆಯ ಫಲಕವಿದ್ದರೂ ಲೆಕ್ಕಿಸದೆ ಅಣೆಕಟ್ಟು ದಾಟಿದ ಮಹಿಳೆಗೆ ಗಾಯ. ಹಿಂದೆ ಶಾಲಾ ಮಕ್ಕಳೂ ಇದ್ದು, ಅದೃಷ್ಟವಶಾತ್ ಅನಾಹುತ ತಪ್ಪಿದೆ.

ಅಷ್ಟರಲ್ಲಿ ಅಣೆಕಟ್ಟಿನ ಎರಡೂ ತುದಿಯಲ್ಲಿ ತಗಡಿನ ಫಲಕಗಳು ನಿಂತಿದ್ದವು. ಬುಡದ ಮಣ್ಣು ಹಸಿ, ಬಣ್ಣ ಹೊಸದು. ನಾನು ಕಂಡದ್ದು ಸುಳ್ಳೇನೋ ಎಂದು ನನಗೇ ಒಂದು ಕ್ಷಣ ಅನ್ನಿಸಿತು.

ಅಕ್ಕ ಮಂಚದ ಮೇಲಿದ್ದರು. ಪತ್ರಿಕೆ ಮಡಿಚಿ ದಿಂಬಿನಡಿ ಇಟ್ಟಿದ್ದರು.

"ಬೋರ್ಡ್ ಎಲ್ಲಿತ್ತೇ? ನಂಗ್ ಕಾಣ್ಲಿಲ್ಲೆ. ನೀನ್ ಹಿಂದೇ ಇದ್ದಿದ್ಯಲೆ, ನಿಂಗ್ ಕಂಡಿತಾ?"

"ಇರ್ಲಿಲ್ಲೆ ಅಕ್ಕ."

"ಹಾಂಗಾರೆ ಇದ್ಯಾರ್ ಕಂಡದ್ದ್?"

ಬಿಸಿಯೂಟದ ಕೆಲಸ ಅವರಿಗೆ ಉಳಿಯುತ್ತದೆಯೇ ಎಂಬುದೇ ಪ್ರಶ್ನೆಯಾಗಿತ್ತು. ಫಲಕ ಕಂಡೂ ಮಕ್ಕಳನ್ನು ಸಾವಿನ ಬಾಯಿಗೆ ಕರೆದೊಯ್ದವರ ಕೈಯಲ್ಲಿ ಮಕ್ಕಳಿಗೆ ಅನ್ನ ಬಡಿಸುವುದು ಬೇಡ ಎಂದು ಶಾಲಾ ಸಮಿತಿಯಲ್ಲಿ ಮಾತು ಎದ್ದಿತ್ತು. ದಸರಾ ರಜೆ ಮುಗಿದ ಮೇಲೆ ಸಭೆ, ಅಲ್ಲಿ ತೀರ್ಮಾನ. ಅಕ್ಕನಿಗೆ ಕಾಲಿನ ನೋವಿಗಿಂತ ಆ ಮಾತು ಹೆಚ್ಚು.

"ಹೋದ್ ವರ್ಷ ಬಿರುಕ್ ಬಿಟ್ಟಿತ್ತ್ ಅಂದೇಳಿ ಅರ್ಜಿ ಕೊಟ್ಟದ್ದ್ ನಾವೇ ಅಲ್ದಾ? ನಿನ್ ಅಂಗ್ಡಿಯಲ್ಲೇ ಟೈಪ್ ಮಾಡ್ಸಿದ್ದ್."

"ಸೀಲ್ ಹಾಕ್ಸ್ಕಂಡ್ ಒಂದ್ ಪ್ರತಿ ಇಟ್ಕಂಡಿದ್ರ್ಯಾ?"

"ಗುರ್ತದವ್ರತ್ರ ಸೀಲ್ ಕೇಂಬುದಾ? ಎಂತ ಅಂದ್ಕಂತ್ರ್ ಅವ್ರ್?"

ನಾನೂ ಹಾಗೆಯೇ ಒಂದು ಸಹಿ ಹಾಕಿದ್ದೆನೆಂದು ಅವರಿಗೆ ಹೇಳಲಿಲ್ಲ.

ಸುದ್ದಿ ಬರೆದವರು ಬೈಂದೂರಿನಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಾರೆ. ಮದುವೆ, ಪಾಸ್‌ಪೋರ್ಟ್ ಅಳತೆ, ಅದರ ನಡುವೆ ಪತ್ರಿಕೆಗೆ ಸುದ್ದಿ. ಬಿಳಿ ಪರದೆಯ ಮುಂದೆ ಯಾರನ್ನೋ ಕೂರಿಸಿ ಗದ್ದ ಎತ್ತಿಸುತ್ತಿದ್ದರು. ನಾನು ಹೋದವಳೇ ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದೆ.

"ಇದ್ ನೀವ್ ಕಂಡ್ ಬರ್ದದ್ದಾ?"

"ಕಚೇರಿಯವ್ರ್ ಹೇಳಿದ್ದ್ ಹಾಕ್ದೆ. ಮಹಜರಿಗೆ ಇಬ್ರ್ ಸಾಕ್ಷಿ ಸಹಿ ಬೇರೆ ಇತ್ತ್ ಅಂದ್ರ್."

"ಸಾಕ್ಷಿ ಯಾರ್ ಗೊತ್ತಿತ್ತಾ?"

"ಇಲ್ಲೆ."

"ಒಬ್ಳ್ ನಾನೇ. ಖಾಲಿ ಕಾಗ್ದಕ್ಕೆ ಹಾಕ್ದೆ."

ಅವರು ಕ್ಯಾಮೆರಾ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಗು. "ಹ್ವಾಯ್! ಓದಿ ಸಹಿ ಹಾಕಿ ಅಂದೇಳಿ ಗೋಡಿಗೆ ಅಂಟ್ಸಿದವ್ರ್ ನೀವೇ ಅಲ್ದಾ?"

ನಾನು ಅಳುತ್ತಿದ್ದುದನ್ನು ಕಂಡು ನಗು ನಿಲ್ಲಿಸಿದರು. ಬಿಳಿ ಪರದೆಯ ಮುಂದೆ ಕುಳಿತ ಮನುಷ್ಯ ಇನ್ನೂ ಗದ್ದ ಎತ್ತಿಕೊಂಡೇ ಇದ್ದ.

"ನೀವ್ ಓದ್ದೇ ಸಹಿ ಹಾಕ್ದ್ರಿ, ನಾನ್ ಕಾಣ್ದೇ ಬರ್ದೆ. ನಮ್ಮಿಬ್ರಿಗೂ ಒಂದೇ ಮಾರ್ಕ್" ಎಂದರು. "ಇನ್ ಬಾಯಿ ಮಾತ್ ಸಾಕಾತಿಲ್ಲೆ. ಕಾಗ್ದ ಬೇಕ್. ಕಡತ ತೆಗ್ಸಿ. ಸಿಕ್ಕಿದ್ರೆ ನಾನ್ ಬರೀತೆ."

ಬೇರೆಯವರಿಗಾಗಿ ಎಷ್ಟೋ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇನೆ. ಒಂದು ಅರ್ಜಿಗೆ ಒಂದೇ ವಿಷಯ, ನೂರೈವತ್ತು ಪದದೊಳಗೆ ಮುಗಿಸಬೇಕು, ವಿವರಣೆ ಕೇಳಬಾರದು, ದಾಖಲೆ ಕೇಳಬೇಕು. ಇದೆಲ್ಲ ಬಾಯಿಪಾಠ. ಅರ್ಜಿದಾರರ ಹೆಸರಿನ ಜಾಗದಲ್ಲಿ ಮಾತ್ರ ಈ ಸಲ ನನ್ನದೇ ಹೆಸರು ಟೈಪ್ ಮಾಡಿದೆ. ಅಂಗೈಯ ಗಾಯ ಆಗಿನ್ನೂ ಪೂರ್ತಿ ಮಾಗಿರಲಿಲ್ಲ. ಅಣೆಕಟ್ಟಿಗೆ ಸಂಬಂಧಿಸಿದ ಕಡತವನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ ಕೊಡಿ ಎಂದಷ್ಟೇ ಕೇಳಿದೆ. ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಂಡೆ. ಸೀಲು ಕೇಳಲು ದಾಕ್ಷಿಣ್ಯವಾದದ್ದು ನಿಜ.

ವಾರದೊಳಗೆ ಗುಮಾಸ್ತರು ಅಂಗಡಿಗೆ ಬಂದರು. ಜೆರಾಕ್ಸ್ ಮಾಡಿಸುವ ನೆಪ. ಗಿರಾಕಿಗಳು ಹೋಗುವವರೆಗೆ ಕಾದರು.

"ನೀನ್ ಕೇಂಬ್ ಕಾಗ್ದದಲ್ಲಿ ನಿನ್ ಸಹಿಯೇ ಇತ್ತಲೆ ತಂಗಿ. ಅದ್ ಹೊರ್ಗ್ ಬಂದ್ರೆ ಯಾರ್ ಮರ್ಯಾದಿ ಹೋಪುದ್?"

"ನಂದೇ, ಅಣ್ಣ."

"ಸರ್ಕಾರಿ ದಾಖಲಿಯಲ್ಲಿ ಒಂದ್ ಹೇಳಿ, ಈಗ ಇನ್ನೊಂದ್ ಹೇಳಿದ್ರೆ ಪೊಲೀಸ್ರ್ ಬಪ್ಪುದ್ ನಿನ್ ಮನಿಗೆ. ನಿನ್ ಒಳ್ಳೇದಕ್ಕೆ ಹೇಳಿದ್ದ್."

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅದೇ ಕಾಲೇಜಿನ ದನಿ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಅಂದಿನಿಂದ ನಿದ್ದೆ ಇನ್ನಷ್ಟು ಕೆಟ್ಟಿತು. ಕಣ್ಣು ಮುಚ್ಚಿದರೆ ಚಪ್ಪಡಿ, ಬಗ್ಗುವ ಪೈಪು, ನನ್ನ ಬೆರಳುಗಳಿಂದ ಜಾರುವ ಕೈ. ನಿಜದಲ್ಲಿ ಆ ಕೈ ಜಾರಿರಲಿಲ್ಲ. ನಿದ್ದೆಯಲ್ಲಿ ಪ್ರತಿ ಸಲವೂ ಜಾರುತ್ತಿತ್ತು, ಎದ್ದು ಕೂರುತ್ತಿದ್ದೆ. ತೆಕ್ಕಟ್ಟೆಯಲ್ಲಿರುವ ತವರಿಗೆ ನಾಲ್ಕು ದಿನ ಹೋಗಿ ಬಂದೆ. ಅಲ್ಲಿ ಹೊಳೆಯಿಲ್ಲ, ಮನೆಯ ಮುಂದೆಯೇ ಹೆದ್ದಾರಿ. ಲಾರಿಯ ಸದ್ದು ಅಣೆಕಟ್ಟಿನ ಸದ್ದಿನ ಹಾಗೆ ಕೇಳಿಸಿತು.

ಮೂವತ್ತು ದಿನ ಕಳೆಯಿತು, ಉತ್ತರವಿಲ್ಲ. ಮೇಲ್ಮನವಿ ಹಾಕಿದೆ. ವಿಚಾರಣೆಯ ದಿನ ಸ್ಟುಡಿಯೋದವರು ತಾವಾಗಿಯೇ ಜೊತೆಗೆ ಬಂದು ಹಿಂದಿನ ಬೆಂಚಿನ ಮೇಲೆ ಕುಳಿತರು. ಮೇಲ್ಮನವಿ ಕೇಳುವ ಅಧಿಕಾರಿ ಬಯಲುಸೀಮೆಯ ಕಡೆಯ ಹೆಂಗಸು, ನಮ್ಮ ಯಾರ ಗುರುತೂ ಇಲ್ಲದವರು. ಕಡತ ಹುಡುಕುತ್ತಿದ್ದೇವೆ, ಸಿಗುತ್ತಿಲ್ಲ ಎಂದು ಕಚೇರಿಯವರು ಹೇಳಿದರು.

"ಇಲ್ಲ ಅಂದ್ರೆ ಇಲ್ಲ ಅಂತ ಬರೆದು ಸಹಿ ಹಾಕಿ ಕೊಡಿ" ಎಂದರು ಆಕೆ. "ಇದ್ರೆ ಒಂದು ವಾರದಲ್ಲಿ ತೋರಿಸಿ."

ಬರೆದು ಸಹಿ ಹಾಕಲು ಯಾರೂ ಮುಂದೆ ಬರಲಿಲ್ಲ. ಐದನೆಯ ದಿನ ಕಡತ ಸಿಕ್ಕಿತು.

ಫ್ಯಾನಿನ ಕೆಳಗೆ ಒಂದು ಮೇಜು, ಒಂದು ಕುರ್ಚಿ. ಕೆಂಪು ಟೇಪು ಕಟ್ಟಿದ ಕಡತ, ಪ್ರತಿ ಹಾಳೆಯ ಮೂಲೆಯಲ್ಲಿ ಪುಟಸಂಖ್ಯೆ. ಮೊದಲು ಮಹಜರು ಸಿಕ್ಕಿತು. ಅಂದು ಖಾಲಿಯಿದ್ದ ಜಾಗದಲ್ಲಿ ಚೆಂದದ ಅಕ್ಷರದಲ್ಲಿ, 'ಎರಡೂ ಬದಿ ಎಚ್ಚರಿಕೆಯ ಫಲಕ ಇರುವುದನ್ನು ಸಾಕ್ಷಿದಾರರು ಖಚಿತಪಡಿಸಿರುತ್ತಾರೆ.' ಕೆಳಗೆ ನನ್ನ ಹೆಸರು. ನನ್ನ ಅಕ್ಷರ ನನಗೇ ಅಪರಿಚಿತವಾಗಿ ಕಂಡಿತು.

ಎರಡು ಪುಟ ದಾಟಿ ಒಂದು ಟಿಪ್ಪಣಿ. 'ಅಣೆಕಟ್ಟಿನ ಎರಡೂ ಬದಿಗೆ ಎಚ್ಚರಿಕೆಯ ಫಲಕ ತುರ್ತಾಗಿ ಬರೆಸಿ ಅಳವಡಿಸುವುದು.' ತಾರೀಕು ನೋಡಿದೆ. ಮಹಜರು ಬರೆದ ಮೂರನೆಯ ದಿನದ್ದು. ಮೊದಲೇ ಇತ್ತು ಎಂದು ನನ್ನ ಸಹಿಯಡಿ ಹೇಳಿದ ಫಲಕವನ್ನು ಬರೆಸಲು ಮೂರು ದಿನ ಬಿಟ್ಟು ಆದೇಶ. ಬರೆದವರು ಪುಟ ಹರಿದಿರಲಿಲ್ಲ, ತಾರೀಕು ತಿದ್ದಿರಲಿಲ್ಲ. ಇದನ್ನು ಯಾರಾದರೂ ಬಂದು ಓದುತ್ತಾರೆಂಬ ಯೋಚನೆಯೇ ಅವರಿಗೆ ಬಂದಿರಲಿಕ್ಕಿಲ್ಲ.

ಹಿಂದಕ್ಕೆ ತಿರುವುತ್ತ ಹೋದೆ. ಕಡತದ ಅಡಿಯಲ್ಲಿ ನನ್ನ ಅಂಗಡಿಯ ಕಾಗದವಿತ್ತು. ನೋಡಿದ ಕೂಡಲೇ ಗೊತ್ತಾಯಿತು. ಅರ್ಜಿಯ ವಿಷಯದ ಸಾಲಿಗೆ ನಾನು ಯಾವಾಗಲೂ ಎರಡು ಗೆರೆ ಎಳೆಯುತ್ತೇನೆ. ಚಪ್ಪಡಿ ಬಿರುಕು ಬಿಟ್ಟಿದೆ, ಶಾಲಾ ಮಕ್ಕಳು ದಾಟುತ್ತಾರೆ, ದಯವಿಟ್ಟು ಸರಿಪಡಿಸಿ. ಮೇಲೆ ಕಚೇರಿಯ ದುಂಡು ಸೀಲು, ಅಪಘಾತಕ್ಕೆ ಒಂದು ವರ್ಷ ಮೊದಲಿನ ತಾರೀಕು. ನಮಗೆ ಸೀಲು ಹಾಕಿದ ಪ್ರತಿ ಕೊಡದಿದ್ದರೂ ತಮ್ಮ ಪ್ರತಿಗೆ ಹಾಕಿಕೊಂಡಿದ್ದರು. ಸಹಿಗಳಲ್ಲಿ ಮೊದಲನೆಯದು ಅಕ್ಕನದು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರ ದೊಡ್ಡ ದೊಡ್ಡ ಅಕ್ಷರ, ಒಂದೊಂದೂ ಬಿಡಿಸಿ ಕೂರಿಸಿದ್ದು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಯಾರೋ ಬರೆದಿದ್ದರು: 'ನೋಡಿದೆ. ಕಡತದಲ್ಲಿಡಿ.'

ಆ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿದೆ. ಅಕ್ಕ ಅಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ನಾನು ಓದಿ ಹೇಳುವವರೆಗೂ ಪೆನ್ನು ಮುಟ್ಟಿರಲಿಲ್ಲ. "ಎಂತ ಬರ್ದದ್ದ್ ಓದ್ ಕಾಂಬ" ಎಂದಿದ್ದರು. ಗೋಡೆಯ ಮೇಲಿನ ನನ್ನ ಮಾತನ್ನು ಪಾಲಿಸಿದ್ದು ಅವರು.

ದೃಢೀಕರಿಸಿದ ಪ್ರತಿಗಳನ್ನು ಕೇಳಿ ಪಡೆದು ನೇರ ಸ್ಟುಡಿಯೋಗೆ ಹೋದೆ. ಅವರು ಮೂರು ಸಲ ಓದಿದರು. ಅಣೆಕಟ್ಟಿಗೆ ಹೋಗಿ ಸ್ವತಃ ನೋಡಿ ಬಂದರು, ಏಣಿ ತಂದವರನ್ನು ಮಾತಾಡಿಸಿದರು, ಇಲಾಖೆಗೂ ಫೋನು ಮಾಡಿ ಅವರ ಮಾತು ಬರೆದುಕೊಂಡರು. ಆಮೇಲೆ ನನ್ನ ಮುಂದೆ ಕುಳಿತು, "ಒಂದ್ ಮಾತಿತ್ತ್" ಎಂದರು. "ಸಾಕ್ಷಿ ಓದ್ದೇ ಸಹಿ ಹಾಕಿದ್ರ್ ಅಂದೇಳಿ ಬರೂಕೇ ಬೇಕ್. ಅದ್ ಮುಚ್ಚಿಟ್ರೆ ಇಡೀ ವರದಿ ಬೀಳ್ತ್. ಬೇಕಾರೆ ಹೆಸ್ರ್ ಹಾಕುದಿಲ್ಲೆ."

"ಹಾಕಿ."

"ಅಂಗ್ಡಿಗೆ ಜನ ಬಪ್ಪುದ್ ಕಮ್ಮಿ ಆತ್ತ್, ಕಾಣಿ."

"ಹೆಸ್ರಿಲ್ದೇ ಸಾಕ್ಷಿ ಎಂತದ್ದ್? ಹಾಕಿ."

ಇದನ್ನು ಬರೆಯುವಾಗ ನನಗೆ ಹೆಮ್ಮೆಯಿದೆ. ನಾಚಿಕೆಯೂ ಜೊತೆಯಲ್ಲೇ ಇದೆ, ಆದರೆ ಹೆಮ್ಮೆಯೇ ಒಂದು ಹಿಡಿ ಹೆಚ್ಚು.

ಅದೇ ದಿನ ನಾನೂ ಏಣಿ ತಂದವರೂ ಇಲಾಖೆಗೆ ಲಿಖಿತ ಹೇಳಿಕೆ ಕೊಟ್ಟೆವು: ಮಹಜರಿನಲ್ಲಿರುವುದು ನಾವು ಕಂಡದ್ದಲ್ಲ. ಪೊಲೀಸರು ನನ್ನ ಮನೆಗೆ ಬರಲಿಲ್ಲ. ಬಂದಿದ್ದರೆ ಏನು ಹೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಟ್ಟುಕೊಂಡಿದ್ದೆ.

ಪತ್ರಿಕೆ ಅಚ್ಚಾಗುವುದು ಬ್ರಹ್ಮಾವರದಲ್ಲಿ. ಬಸ್ಸಿನಲ್ಲಿ ಇಬ್ಬರೂ ಹೋದೆವು. ಸಂಪಾದಕರು ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ವರದಿಯನ್ನು ಒಪ್ಪಿದರು. ಹಿಂದಿನ ಸುದ್ದಿ ತಪ್ಪೆಂಬ ತಿದ್ದುಪಡಿಯನ್ನು ಮಾತ್ರ ಒಳಪುಟಕ್ಕೆ ಹಾಕೋಣ ಎಂದರು.

ಸ್ಟುಡಿಯೋದವರು ಕುರ್ಚಿಯಿಂದ ಏಳಲಿಲ್ಲ. "ತಪ್ಪ್ ಮೊದ್ಲ್ನೇ ಪುಟದಲ್ಲಿ, ಸರಿ ಆರ್ನೇ ಪುಟದಲ್ಲಾ? ನಂದೇ ತಪ್ಪ್ ಮಾರಾಯ್ರೆ, ನಂಗಿಲ್ಲದ್ ನಾಚ್ಕಿ ನಿಮಗ್ಯಾಕೆ?"

ಸಂಪಾದಕರು ಕರಡನ್ನು ತಿರುಗಿಸಿ ಮೊದಲ ಪುಟದ ಮೇಲೆ ಪೆನ್ಸಿಲಿನಿಂದ ಒಂದು ಚೌಕ ಎಳೆದರು. ಆಮೇಲೆ ನನ್ನ ಹೇಳಿಕೆಯ ಭಾಗವನ್ನು ನನ್ನ ಕಡೆ ಸರಿಸಿ, "ಓದಿ ಸಹಿ ಹಾಕಿ ಅಮ್ಮ" ಎಂದರು. ನಾವಿಬ್ಬರೂ ನಕ್ಕದ್ದು ಯಾಕೆಂದು ಅವರಿಗೆ ತಿಳಿಯಲಿಲ್ಲ.

ಶಾಲಾ ಸಮಿತಿಯ ಸಭೆಗೆ ಎರಡು ದಿನ ಇರುವಾಗ ಪತ್ರಿಕೆ ಬಂತು. ಸಭೆಯಲ್ಲಿ ಮುಖ್ಯ ಶಿಕ್ಷಕಿ ವರದಿ ಓದಿದರು. ಆಮೇಲೆ ಅಕ್ಕನ ಹಳೆಯ ಅರ್ಜಿಯ ಪ್ರತಿಯನ್ನು ನನ್ನಿಂದ ತೆಗೆದುಕೊಂಡು ಅದನ್ನೂ ಓದಿದರು. 'ನೋಡಿದೆ. ಕಡತದಲ್ಲಿಡಿ' ಎಂಬ ಅಂಚಿನ ಸಾಲನ್ನೂ ಬಿಡಲಿಲ್ಲ. ಕೊನೆಗೆ, ಅಕ್ಕನ ಮೇಲೆ ಮೊದಲು ಮಾತೆತ್ತಿದ್ದ ತಾಯಿಯೇ ಎದ್ದು ನಿಂತರು.

"ಇಷ್ಟ್ ದಿನ ನಮ್ ಮಕ್ಳ ಮುಂದೆ ನಡ್ದವ್ರ್ ಇವ್ರೊಬ್ರೇ. ನಾವ್ ಯಾರೂ ನಡೀಲಿಲ್ಲೆ. ಇನ್ ಮಾತಾಡೂಕೆ ಎಂತ ಇತ್ತ್?"

ಕೋಲು ಊರಿಕೊಂಡು ಬಾಗಿಲ ಬಳಿ ಕುಳಿತಿದ್ದ ಅಕ್ಕ, "ಅದೆಲ್ಲ ಇರ್ಲಿ" ಎಂದರು, "ನಾನಿಲ್ದಾಗ ಸಾರಿಗೆ ಹುಳಿ ಜಾಸ್ತಿ ಹಾಕ್ತಿದ್ರಂಬ್ರಲೆ, ಯಾರ್ ಅದ್?" ನಗು ಎದ್ದಿತು. ಮರುವಾರ ಅವರು ಒಲೆಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರು.

ಗುಮಾಸ್ತರನ್ನು ಬೇರೆ ಕಡೆ ಹಾಕಿದರೆಂದು ಕೇಳಿದೆ. ಅದರಲ್ಲಿ ನನಗೆ ಸಂತೋಷವಿಲ್ಲ. ಹಸಿರು ಶಾಯಿಯವರು ಯಾರೆಂದು ಕೇಳಿ ಇನ್ನೊಂದು ಅರ್ಜಿ ಹಾಕಿದ್ದೇನೆ. ಅಂಗಡಿಗೆ ಜನ ಕಡಿಮೆಯಾಗಲಿಲ್ಲ. ಈಗ ಬರುವವರು ಗೋಡೆಯತ್ತ ಕೈ ತೋರಿಸಿ, "ನೀವ್ ಓದ್ದ್ರ್ಯಾ ಮೊದ್ಲ್?" ಎಂದು ಕೆಣಕುತ್ತಾರೆ.

ನವೆಂಬರ್ ಕೊನೆಯಲ್ಲಿ ಹಲಗೆ ಹಾಕುವ ದಿನ ಬಂತು. ಅಷ್ಟರಲ್ಲಿ ಚಪ್ಪಡಿಗಳನ್ನು ಬದಲಾಯಿಸಿ ಹಿಡಿದುಕೊಳ್ಳಲು ಹೊಸ ಪೈಪು ಹಾಕಿದ್ದರು. ಪಂಚಾಯಿತಿಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದ್ದರು: ಚಪ್ಪಡಿ ಪರೀಕ್ಷಿಸಿದ ದಿನ, ಪರೀಕ್ಷಿಸಿದವರ ಹೆಸರು, ಹಲಗೆ ತೆಗೆಯಬೇಕಾದ ದಿನ. ಮೇಲ್ಮನವಿಯ ಆ ಅಧಿಕಾರಿಯ ಆದೇಶದಲ್ಲಿ ಅದೂ ಒಂದು ಸಾಲು, ಯಾರೂ ಕೇಳದೆಯೇ ಜನರಿಗೆ ತಿಳಿಯುವಂತೆ ಇಡಬೇಕೆಂದು. ಊರಿನವರು ನಿಂತು ಅದನ್ನು ಪೂರ್ತಿ ಓದಿದರು. ಅಕ್ಷರ ಬಾರದ ಒಬ್ಬರು ಮೊಮ್ಮಗಳಿಂದ ಎರಡು ಸಲ ಓದಿಸಿಕೊಂಡರು.

ಹೊಳೆಯಲ್ಲಿ ಸೊಂಟದವರೆಗೆ ಇಳಿದ ಗಂಡಸರು ಹಲಗೆ ಕೂರಿಸುತ್ತಿದ್ದರು. ಮೇಲೆ ಅಕ್ಕ ಕೋಲು ಕುಟ್ಟುತ್ತ ಮೊದಲು ಹೊರಟರು. ನಾನು ಆ ದಿನದವರೆಗೆ ರಸ್ತೆ ಸುತ್ತಿಯೇ ಮನೆಗೆ ಹೋಗುತ್ತಿದ್ದೆ. ಅಣೆಕಟ್ಟಿನ ತುದಿಯಲ್ಲೇ ನಿಂತೆ. ನಡುವಿನ ಚಪ್ಪಡಿಯ ಮೇಲೆ ಅಕ್ಕ ನಿಂತು ತಿರುಗಿದರು.

"ಎಂತ, ಅಲ್ಲೇ ಬೇರ್ ಬಿಟ್ಟ್ಯಾ? ಬಾ. ಈ ಸಲ ನಾನ್ ಹಿಡ್ಕಂತೆ."

ಕೈ ಚಾಚಿದರು. ಮಣಿಕಟ್ಟಿನಲ್ಲಿ ಬಳೆ ಚುಚ್ಚಿದ ಬಿಳಿ ಕಲೆ. ನನ್ನ ಅಂಗೈಯಲ್ಲೂ ಅಂಥದ್ದೇ ಒಂದಿದೆ. ಹಿಡಿದುಕೊಂಡು ದಾಟಿದೆ. ಈಚೆ ದಡದಲ್ಲಿ ಇಬ್ಬರೂ ನಿಂತು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದೆವು.

ಮರುದಿನ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಅತ್ತೆ ಕಾಫಿ ಲೋಟ ಹಿಡಿದು ಮಂಚದ ಪಕ್ಕ ನಿಂತು ನನ್ನ ಹಣೆ ಮುಟ್ಟಿ ನೋಡುತ್ತಿದ್ದರು.

"ಎಂತ ಆಯ್ತೇ ನಿಂಗೆ? ಜ್ವರವಾ? ಏಳ್ ಗಂಟಿ ಆಯ್ತ್, ರಾತ್ರಿ ಒಂದ್ಸಲನೂ ಎದ್ದಿಲ್ಲೆ ನೀನ್."